ಚೆನ್ ಯುಫೆ ಆಟ ಕಲಿಯಲು ಬಿಡಬ್ಲ್ಯೂಎಫ್ ಟಿವಿ: ಪುಣೆಯ ಕನ್ನಡ ಮನೆಗಳಿಗೆ ಎಷ್ಟು ಉಪಯೋಗ?

ಪುಣೆಯ ವಾಕಡ್, ಹಿಂಜವಡಿ, ಪಿಂಪಳೆ ಸೌದಾಗರ್ ಕಡೆ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಗಳನ್ನು ಬ್ಯಾಡ್ಮಿಂಟನ್ ಕೋಚಿಂಗ್‌ಗೆ ಹಾಕಿದವರು ಇದ್ದಾರೆ. ಅಂಕಣದಲ್ಲಿ ಕೋಚ್ ಮರಾಠಿ, ಹಿಂದಿ ಬೆರೆಸಿ ಹೇಳಿದ್ದನ್ನು ರಾತ್ರಿ ಮನೆಯಲ್ಲಿ ಕನ್ನಡದಲ್ಲಿ ಬಿಡಿಸಿ ನೋಡಲು ಅವರಿಗೆ ಸುಲಭವಾಗಿ ಸಿಗುವುದು ಯೂಟ್ಯೂಬ್. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ಅಲ್ಲಿ ನಡೆಸುವ ಬಿಡಬ್ಲ್ಯೂಎಫ್ ಟಿವಿ ಎಂಬ ವಾಹಿನಿಗೆ ದುಡ್ಡು ಕೊಡಬೇಕಿಲ್ಲ. ಮಹಿಳಾ ಸಿಂಗಲ್ಸ್ ಆಡುವ ಹನ್ನೆರಡು-ಹದಿನಾರು ವಯಸ್ಸಿನ ಹುಡುಗಿಗೆ ಅದರಿಂದ ಏನಾದರೂ ಕಲಿಯಲು ಸಿಗುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ಸಿಗುತ್ತದೆ, ಬೇಕಾದಷ್ಟು ಸಿಗುತ್ತದೆ. ಆದರೆ ಪೂರ್ತಿ ಪಂದ್ಯ ನೋಡಿದರೆ ಮಾತ್ರ. ಹೈಲೈಟ್ಸ್ ನೋಡಿ ಕಲಿಯಲು ಹೊರಟರೆ ಕಲಿಕೆ ದಾರಿ ತಪ್ಪುತ್ತದೆ.

ಈ ಮಾತನ್ನು ಒರೆಗೆ ಹಚ್ಚಲು ಚೀನಾದ ಚೆನ್ ಯುಫೆಗಿಂತ ಒಳ್ಳೆಯ ಆಟಗಾರ್ತಿ ಸಿಗುವುದಿಲ್ಲ. 1998ರ ಮಾರ್ಚ್ 1ರಂದು ಹಾಂಗ್‌ಝೌನಲ್ಲಿ ಹುಟ್ಟಿದವರು. 2016ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್, 2019ರಲ್ಲಿ ಆಲ್ ಇಂಗ್ಲೆಂಡ್ ಚಾಂಪಿಯನ್, ಅದೇ ವರ್ಷದ ಕೊನೆಗೆ ವಿಶ್ವದ ನಂಬರ್ 1, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಚಿನ್ನ. ಇಷ್ಟೆಲ್ಲ ಗೆದ್ದರೂ ಅವರ ಆಟದ ತುಣುಕುಗಳು ವಾಟ್ಸ್ಯಾಪ್‌ನಲ್ಲಿ ಹರಿದಾಡುವುದು ಕಡಿಮೆ. ಕಣ್ಣು ಕುಕ್ಕುವ ಹೊಡೆತ ಅವರಲ್ಲಿ ಅಪರೂಪ. ಬ್ಯಾಕ್‌ಲೈನ್ ಹತ್ತಿರ ಬೀಳುವ ಎತ್ತರದ ಹೊಡೆತ, ಅಂದರೆ ಟಾಸ್ (ಕ್ಲಿಯರ್), ನೆಟ್‌ನಿಂದ ಮೇಲೆತ್ತಿದ ಲಿಫ್ಟ್, ಎದುರಾಳಿಯನ್ನು ಎರಡು ಹೆಜ್ಜೆ ಹೆಚ್ಚು ಓಡಿಸುವಂತೆ ನೆಟ್ ಹತ್ತಿರ ಬೀಳುವ ಡ್ರಾಪ್, ಮತ್ತೆ ಟಾಸ್. ಹೈಲೈಟ್ಸ್ ಕತ್ತರಿಸುವವರು ಮೊದಲು ಬಿಸಾಡುವುದು ಇವನ್ನೇ. ಸಾರು ಬಿಟ್ಟು ಒಗ್ಗರಣೆ ಮಾತ್ರ ಬಡಿಸಿದ ಹಾಗಾಗುತ್ತದೆ.

ಟೋಕಿಯೊ ಫೈನಲ್‌ನ ಲೆಕ್ಕ ನೋಡಿ. 2021ರ ಆಗಸ್ಟ್ 1ರಂದು ಚೀನಾ ತೈಪೆಯ ತೈ ತ್ಸು ಯಿಂಗ್ ಎದುರು ಚೆನ್ 21–18, 19–21, 21–18ರಿಂದ ಗೆದ್ದರು. ಮೂರು ಗೇಮ್ ಕೂಡಿಸಿದರೆ ಅಂಕಕ್ಕೊಂದರಂತೆ 118 ರ‍್ಯಾಲಿ. ಅದರಲ್ಲಿ ಚೆನ್‌ಗೆ 61 ಅಂಕ, ತೈಗೆ 57. ಒಲಿಂಪಿಕ್ಸ್ ಚಿನ್ನಕ್ಕೂ ಬೆಳ್ಳಿಗೂ ನಡುವಿನ ಅಂತರ ನಾಲ್ಕೇ ಅಂಕ! ಒಂದು ರ‍್ಯಾಲಿಗೆ ಸರಾಸರಿ ಹದಿನೈದು ಸೆಕೆಂಡ್ ಹಿಡಿದರೂ ಐದು ನಿಮಿಷದ ಹೈಲೈಟ್ಸ್‌ನಲ್ಲಿ 20 ರ‍್ಯಾಲಿ ಹಿಡಿಸುವುದೇ ಹೆಚ್ಚು. ಉಳಿದ 98ರಲ್ಲಿ ಏನಾಯಿತು ಎಂದು ನೋಡದೆ ಆ ನಾಲ್ಕು ಅಂಕ ಎಲ್ಲಿಂದ ಬಂತು ಎಂದು ಹೇಳಲಾಗದು. ಹೈಲೈಟ್ಸ್‌ನಲ್ಲಿ ಎದ್ದು ಕಾಣುವವರು ತೈ: ಕೊನೆಯ ಕ್ಷಣದಲ್ಲಿ ಮಣಿಕಟ್ಟು ತಿರುಗಿಸಿ ದಿಕ್ಕು ಬದಲಿಸುವ ಹೊಡೆತ, ನೆಟ್ ಮೇಲಿನ ಮೋಸದಾಟ. ಚೆನ್ ಹೇಗೆ ಗೆದ್ದರು ಎನ್ನುವುದೇ ಅದರಲ್ಲಿ ಗೊತ್ತಾಗುವುದಿಲ್ಲ. ಪೂರ್ತಿ ಪಂದ್ಯ ನೋಡಿದರೆ ಗೊತ್ತಾಗುತ್ತದೆ. ಚೆನ್ ಸುಲಭದ ಅಂಕ ಬಿಟ್ಟುಕೊಡುವುದಿಲ್ಲ. ಆದ್ದರಿಂದ ತೈ ಪ್ರತಿ ಸಲ ಗೆರೆಗೆ ಇನ್ನಷ್ಟು ಹತ್ತಿರ ಗುರಿ ಇಡಬೇಕಾಗುತ್ತದೆ, ಆ ಗುರಿ ಆಗಾಗ ಹೊರಗೆ ಬೀಳುತ್ತದೆ.

ಈ ಫೈನಲ್ ಸಿಗುವುದು ಒಲಿಂಪಿಕ್ಸ್‌ನ ಸ್ವಂತ ಯೂಟ್ಯೂಬ್ ವಾಹಿನಿಯಲ್ಲಿ, ಬಿಡಬ್ಲ್ಯೂಎಫ್ ಟಿವಿಯಲ್ಲಿ ಅಲ್ಲ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ಪ್ರಸಾರದ ಹಕ್ಕು ಒಕ್ಕೂಟದ ಕೈಯಲ್ಲಿಲ್ಲ. ಅದನ್ನು ಮರೆತು ಒಂದೇ ವಾಹಿನಿಯಲ್ಲಿ ಎಲ್ಲವನ್ನೂ ಹುಡುಕಿದರೆ ಸಿಗುವುದಿಲ್ಲ.

ಹುಡುಕುವುದಕ್ಕೂ ಒಂದು ಕ್ರಮವಿದೆ. ಒಕ್ಕೂಟದ ದಾಖಲೆಯಲ್ಲಿ ಚೀನೀ, ಕೊರಿಯನ್ ಹೆಸರುಗಳನ್ನು ಮನೆತನದ ಹೆಸರು ಮೊದಲು ಇಟ್ಟು ತುಂಡು ತುಂಡಾಗಿ ಬರೆಯುತ್ತಾರೆ: ಚೆನ್ ಯು ಫೆ, ಆನ್ ಸೆ ಯಂಗ್, ತೈ ತ್ಸು ಯಿಂಗ್. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗಲೂ ಹಾಗೆಯೇ ಬಿಡಿಸಿ ಬರೆದರೆ ಬೇಗ ಸಿಗುತ್ತದೆ. ನಮ್ಮ ಪಿ.ವಿ. ಸಿಂಧು ಅಲ್ಲಿ ಪುಸರ್ಲ ವಿ. ಸಿಂಧು, ಹಳೆಯ ಪಂದ್ಯ ಹುಡುಕುವಾಗ ಪುಸರ್ಲ ಎಂದೇ ಹಾಕಿ ನೋಡಿ. ಜೊತೆಗೆ ಟೂರ್ನಿಯ ಹೆಸರು, ವರ್ಷ, ಮಹಿಳಾ ಸಿಂಗಲ್ಸ್‌ಗೆ ಡಬ್ಲ್ಯೂ ಎಸ್, ಸೆಮಿಗೆ ಎಸ್ ಎಫ್, ಫೈನಲ್‌ಗೆ ಬರೀ ಎಫ್. ಫಲಿತಾಂಶ ಬಂದ ಮೇಲೆ ಫಿಲ್ಟರ್‌ಗೆ ಹೋಗಿ ಇಪ್ಪತ್ತು ನಿಮಿಷಕ್ಕಿಂತ ಉದ್ದದ ವಿಡಿಯೊ ಎಂದು ಆರಿಸಿ. ಅಷ್ಟರಿಂದಲೇ ಹೈಲೈಟ್ಸ್, ಶಾರ್ಟ್ಸ್, ಅಭಿಮಾನಿಗಳು ಸಂಗೀತ ಹಾಕಿ ಕತ್ತರಿಸಿದ್ದು ಎಲ್ಲ ಜರಡಿಯಾಗಿ ಪೂರ್ತಿ ಪಂದ್ಯಗಳು ಉಳಿಯುತ್ತವೆ. ವಿಡಿಯೊ ಹಾಕಿದವರ ಹೆಸರು ನೋಡುವುದನ್ನೂ ಬಿಡಬೇಡಿ. ಬೇರೆಯವರು ಮತ್ತೆ ಏರಿಸಿದ ಪ್ರತಿಗಳಲ್ಲಿ ಚಿತ್ರವನ್ನು ಎಡಬಲ ತಿರುಗಿಸಿರುವುದುಂಟು. ಬಲಗೈ ಆಟಗಾರ್ತಿಯಾದ ಚೆನ್ ಅದರಲ್ಲಿ ಎಡಗೈಯಲ್ಲಿ ಆಡುತ್ತಿರುವಂತೆ ಕಾಣುತ್ತಾರೆ, ಫುಟ್‌ವರ್ಕ್ ಕಲಿಯುವ ಮಗುವಿಗೆ ತಲೆಕೆಳಗಾದ ಪಾಠವಾಗುತ್ತದೆ.

ಚಿತ್ರದ ಗುಣಮಟ್ಟದ ವಿಷಯದಲ್ಲಿ ರಾಜಿ ಬೇಡ. 360ಪಿಯಲ್ಲಿ ಆಟಗಾರ್ತಿ ಕಾಣುತ್ತಾರೆ, ಶಟಲ್ ಕಾಣುವುದಿಲ್ಲ. ಬಿಳಿ ಶಟಲ್ ವೇಗವಾಗಿ ಹೋಗುವಾಗ ಚಿತ್ರವನ್ನು ಕುಗ್ಗಿಸುವ ತಂತ್ರ ಅದನ್ನು ಹಿನ್ನೆಲೆಯ ಜಾಹೀರಾತು ಫಲಕದೊಳಗೆ ಕರಗಿಸಿಬಿಡುತ್ತದೆ. ಕನಿಷ್ಠ 720ಪಿ ಇಡಿ. ಸಂಖ್ಯೆಯ ಪಕ್ಕ 50 ಅಥವಾ 60 ಎಂದಿದ್ದರೆ ಅದನ್ನೇ ಆರಿಸಿ, ಸೆಕೆಂಡಿಗೆ ಚೌಕಟ್ಟು (ಫ್ರೇಮ್) ಹೆಚ್ಚಿದ್ದಷ್ಟೂ ರ‍್ಯಾಕೆಟ್‌ನ ಮುಖ ಸ್ಪಷ್ಟ. ಗಂಟೆಗೆ ಸುಮಾರು ಒಂದರಿಂದ ಮೂರು ಜಿಬಿ ಹೋಗುತ್ತದೆ, ಹಾಗಾಗಿ ಮೊಬೈಲ್ ಡೇಟಾ ಬದಲು ಮನೆಯ ವೈಫೈ ಲೇಸು.

ಕ್ಯಾಮೆರಾ ಇಡುವ ಜಾಗ ಈ ಪ್ರಸಾರದ ಬಲವೂ ಹೌದು, ತೊಡಕೂ ಹೌದು. ಅಂಕಣದ ಒಂದು ತುದಿಯ ಹಿಂದೆ, ಮೇಲಿನಿಂದ ನೋಡುತ್ತದೆ. ಎಡಬಲದ ಚಲನೆ ಚೆನ್ನಾಗಿ ಕಾಣುತ್ತದೆ. ಆದರೆ ಉದ್ದ ಕುಗ್ಗುತ್ತದೆ. ಆಚೆ ಬದಿಯ 6.70 ಮೀಟರ್ ತೆರೆಯ ಮೇಲೆ ಈಚೆಯದಕ್ಕಿಂತ ಎಷ್ಟೋ ಕಿರಿದು. ಅದರಿಂದ ಚೆನ್ ಈಚೆಯಿಂದ ಹೊಡೆದ ಟಾಸ್ ಅಂಕಣದ ಮಧ್ಯೆ ಬಿದ್ದಿತೋ ಕೊನೆಗೆ ಬಿದ್ದಿತೋ ಬರಿಗಣ್ಣಿಗೆ ತಿಳಿಯದು. ಇದಕ್ಕೆ ಅಂಕಣದ ಗೆರೆಗಳೇ ಅಳತೆಗೋಲು. ಹಿಂದಿನ ಗೆರೆಗಿಂತ 76 ಸೆಂಟಿಮೀಟರ್ ಒಳಗೆ ಇನ್ನೊಂದು ಅಡ್ಡಗೆರೆ ಇದೆ, ಡಬಲ್ಸ್ ಸರ್ವಿಸ್‌ಗಾಗಿ ಎಳೆದದ್ದು. ಸಿಂಗಲ್ಸ್ ಆಟಕ್ಕೆ ಆ ಗೆರೆ ಬೇಕಿಲ್ಲ, ನೋಡುವವರಿಗೆ ಬೇಕೇ ಬೇಕು. ಶಟಲ್ ಹೊಡೆಯುವ ಹೊತ್ತಿನಲ್ಲಿ ಎದುರಾಳಿಯ ಹಿಂಗಾಲು ಆ ಗೆರೆ ದಾಟಿ 76 ಸೆಂಟಿಮೀಟರ್ ಪಟ್ಟಿಯೊಳಗೆ ಹೋಗಿದ್ದರೆ ಟಾಸ್ ಉದ್ದವಾಗಿದೆ ಎಂದರ್ಥ. ಕಾಲು ಗೆರೆಯ ಮುಂದೆಯೇ ಇದ್ದರೆ ಟಾಸ್ ಗಿಡ್ಡ, ಮುಂದಿನ ಹೊಡೆತ ಸ್ಮ್ಯಾಶ್ ಆಗಿ ಬರುವುದು ಬಹುತೇಕ ಖಚಿತ. ಶಟಲ್ ನೋಡಬೇಡಿ, ಕಾಲು ನೋಡಿ. ಚೆನ್ ಚೆನ್ನಾಗಿ ಆಡಿದ ದಿನ ಎದುರಾಳಿಯ ಕಾಲು ಎಷ್ಟು ಸಲ ಆ ಪಟ್ಟಿಯೊಳಗೆ ಸಿಕ್ಕಿಬೀಳುತ್ತದೆ ಎಂದು ಎಣಿಸಿದರೆ ಅವರ ಆಟದ ಅರ್ಧ ಗುಟ್ಟು ಕೈಗೆ ಬಂತು. ಗೆರೆಯ ತೀರ್ಪನ್ನು ಪ್ರಶ್ನಿಸಿದಾಗ ತೋರಿಸುವ ಗ್ರಾಫಿಕ್ಸ್‌ನಲ್ಲಿ ಶಟಲ್ ಬಿದ್ದ ಜಾಗ ಸ್ಪಷ್ಟವಾಗಿರುತ್ತದೆ. ನಿಮ್ಮ ಅಂದಾಜು ಸರಿಯೇ ಎಂದು ತಾಳೆ ನೋಡಲು ಅದು ಒಳ್ಳೆಯ ಅವಕಾಶ.

ಗೇಮ್ ಮುಗಿದಾಗ ಬದಿ ಬದಲಾಗುತ್ತದೆ, ಮೂರನೇ ಗೇಮ್‌ನಲ್ಲಿ 11 ಅಂಕಕ್ಕೆ ಮತ್ತೊಮ್ಮೆ. ಇದನ್ನು ಬಳಸಿಕೊಳ್ಳಿ. ಚೆನ್ ಕ್ಯಾಮೆರಾದ ಈಚೆಗಿದ್ದಾಗ ಬೆನ್ನು ಕಾಣುತ್ತದೆ: ಆಗ ಫುಟ್‌ವರ್ಕ್ ಮಾತ್ರ ನೋಡಿ, ಹೊಡೆದ ಮೇಲೆ ನಡುಜಾಗಕ್ಕೆ ಎಷ್ಟು ಬೇಗ ಮರಳುತ್ತಾರೆ, ಎದುರಾಳಿ ಹೊಡೆಯುವ ಕ್ಷಣಕ್ಕೆ ಸರಿಯಾಗಿ ಪುಟ್ಟ ಜಿಗಿತ ಇಟ್ಟು ಎರಡೂ ಕಾಲನ್ನು ಸಿದ್ಧಮಾಡಿಕೊಳ್ಳುವುದು ಹೇಗೆ ಎಂದು. ಆಚೆಗಿದ್ದಾಗ ಮುಖ, ಭುಜ, ರ‍್ಯಾಕೆಟ್ ಎದುರಿಗೆ ಕಾಣುತ್ತದೆ: ಆಗ ತಯಾರಿ ನೋಡಿ. ಟಾಸ್‌ಗೂ ಡ್ರಾಪ್‌ಗೂ ಸ್ಮ್ಯಾಶ್‌ಗೂ ಅವರ ಭುಜ ತಿರುಗುವ ಬಗೆ ಒಂದೇ. ತೈ ಅವರದು ಕಣ್ಣಿಗೆ ಕಾಣುವ ಮೋಸ. ಚೆನ್ ಅವರದು ಕಾಣದ ಮೋಸ, ಮೂರೂ ಹೊಡೆತ ಒಂದೇ ಅಚ್ಚಿನಿಂದ ಬರುತ್ತವೆ. ಹುಡುಗಿಯರಿಗೆ ಕಲಿಯಲು ಈ ಎರಡನೆಯದೇ ಯೋಗ್ಯ.

ಕಂಪ್ಯೂಟರ್‌ನಲ್ಲಿ ನೋಡುವವರಿಗೆ ಅನುಕೂಲ ಹೆಚ್ಚು. ಕೀಬೋರ್ಡ್‌ನ ಜೆ ಒತ್ತಿದರೆ ಹತ್ತು ಸೆಕೆಂಡ್ ಹಿಂದೆ, ಎಲ್ ಒತ್ತಿದರೆ ಹತ್ತು ಸೆಕೆಂಡ್ ಮುಂದೆ, ಕೆ ಒತ್ತಿದರೆ ನಿಲ್ಲುತ್ತದೆ. ನಿಲ್ಲಿಸಿದ ಮೇಲೆ ಫುಲ್‌ಸ್ಟಾಪ್ ಕೀ ಒಂದೊಂದೇ ಚೌಕಟ್ಟು ಮುಂದೆ ಸರಿಸುತ್ತದೆ, ಕಾಮಾ ಕೀ ಹಿಂದೆ. ರ‍್ಯಾಕೆಟ್ ಶಟಲ್‌ಗೆ ತಾಗುವ ಕ್ಷಣ ಹಿಡಿಯಲು ಇದಕ್ಕಿಂತ ಬೇರೆ ದಾರಿ ಇಲ್ಲ. ಫೋನ್‌ನಲ್ಲಿ ತೆರೆಯ ಅಂಚನ್ನು ಎರಡು ಸಲ ತಟ್ಟಿದರೆ ಹತ್ತು ಸೆಕೆಂಡ್ ಜಾರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿ ನೋಡುವುದು ಫುಟ್‌ವರ್ಕ್‌ಗೆ ಸರಿ, ಆದರೆ ಇಡೀ ಪಂದ್ಯವನ್ನು ಹಾಗೆ ನೋಡಬೇಡಿ. ಲಯ ಕೆಡುತ್ತದೆ, ಆಟಗಾರ್ತಿಗೆ ಯೋಚಿಸಲು ಎಷ್ಟು ಕಡಿಮೆ ಹೊತ್ತು ಇತ್ತು ಎಂಬ ಅರಿವೇ ಹೋಗಿಬಿಡುತ್ತದೆ. ಒಂದು ರ‍್ಯಾಲಿಯನ್ನು ಮೊದಲು ಪೂರ್ಣ ವೇಗದಲ್ಲಿ, ಆಮೇಲೆ ಅರ್ಧ ವೇಗದಲ್ಲಿ, ಮತ್ತೆ ಪೂರ್ಣ ವೇಗದಲ್ಲಿ ನೋಡುವುದು ಮೇಲು.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಪ್ರತಿ ಅಂಕಕ್ಕೂ ಒಂದು ಸಾಲು: ಸರ್ವ್ ಯಾರದು, ರ‍್ಯಾಲಿಯಲ್ಲಿ ಎಷ್ಟು ಹೊಡೆತ, ಅಂಕ ಹೊಡೆದು ಬಂದದ್ದೋ ಎದುರಾಳಿಯ ತಪ್ಪಿನಿಂದ ಬಂದದ್ದೋ, ತಪ್ಪಾದರೆ ನೆಟ್‌ಗೋ ಹೊರಗೋ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ: ಅಂಕ ಮುಗಿಯುವ ಎರಡು ಹೊಡೆತ ಮೊದಲು ಏನಾಯಿತು. ಮಕ್ಕಳು ಕೊನೆಯ ಹೊಡೆತವನ್ನೇ ನೆನಪಿಟ್ಟುಕೊಳ್ಳುತ್ತಾರೆ. ಸ್ಮ್ಯಾಶ್ ನೆಲಕ್ಕೆ ಬಿತ್ತು, ಅಂಕ ಬಂತು. ಆ ಸ್ಮ್ಯಾಶ್‌ಗೆ ಅವಕಾಶ ಕೊಟ್ಟದ್ದು ಎರಡು ಹೊಡೆತ ಹಿಂದೆ ಬ್ಯಾಕ್‌ಹ್ಯಾಂಡ್ ಮೂಲೆಗೆ ಬಿದ್ದ ಟಾಸ್. ಎದುರಾಳಿ ಅದನ್ನು ತಲೆಯ ಮೇಲಿಂದ ಬಾಗಿ ತೆಗೆದರು, ಉತ್ತರ ಗಿಡ್ಡವಾಯಿತು, ಚೆನ್ ಮುಂದೆ ಬಂದರು. ಈ ಸರಣಿ ಬರೆಯಲು ಕೈ ಕೂತರೆ ಒಂದು ಗೇಮ್ ಬರೆಯುವುದಕ್ಕೆ ಒಂದು ಗಂಟೆ ಹಿಡಿದೀತು. ಮೂರೂ ಗೇಮ್ ಒಂದೇ ರಾತ್ರಿ ಬರೆಸಿ ಮಗುವಿಗೆ ಬೇಸರ ತರಬೇಡಿ, ದಿನಕ್ಕೆ 11 ಅಂಕದವರೆಗೆ ಸಾಕು.

ಯಾವ ಪಂದ್ಯ, ಯಾವ ಕ್ರಮದಲ್ಲಿ? ಗೆದ್ದ ಪಂದ್ಯದಿಂದ ಶುರುಮಾಡಬೇಡಿ. ಚೆನ್ ಅವರ ಆಟದ ಮಿತಿ ತಿಳಿದರೆ ಅವರ ಬೆಳವಣಿಗೆ ತಿಳಿಯುತ್ತದೆ, ಆ ಮಿತಿಯನ್ನು ಎರಡು ಸಲ ಬಯಲು ಮಾಡಿದವರು ಸಿಂಧು. 2017ರ ಗ್ಲಾಸ್ಗೊ ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಸಿಂಧು 21–13, 21–10ರಿಂದ ಗೆದ್ದರು. 2019ರ ಬಾಸೆಲ್‌ನಲ್ಲಿ ಮತ್ತೆ ಸೆಮಿಫೈನಲ್, ಮತ್ತೆ ಅವರೇ ಎದುರಾಳಿ, 21–7, 21–14. ಬಾಸೆಲ್ ಪಂದ್ಯದಲ್ಲಿ ಇದ್ದದ್ದು ಒಟ್ಟು 63 ರ‍್ಯಾಲಿ, ಕೆಲವೇ ದಿನಗಳಲ್ಲಿ ಬರೆದು ಮುಗಿಸಬಹುದು. ಎತ್ತರದ ಸಿಂಧು ಟಾಸ್‌ಗಾಗಿ ಕಾಯದೆ ಮೇಲಿನಿಂದ ಕಡಿದಾಗಿ ಹೊಡೆದು, ನೆಟ್‌ಗೆ ಬೇಗ ಬಂದರೆ ಚೆನ್‌ಗೆ ರ‍್ಯಾಲಿ ಕಟ್ಟಲು ಹೊತ್ತೇ ಸಿಗುವುದಿಲ್ಲ. ತಾಳ್ಮೆಯ ಆಟಕ್ಕೆ ಎದುರು ವೇಗದ ಆಟ ಹೇಗಿರಬೇಕು ಎಂಬುದಕ್ಕೆ ಈ ಪಂದ್ಯವೇ ಪಾಠ. ಸಿಂಧು ಆ ಸಲ ಫೈನಲ್‌ನಲ್ಲಿ ನೊಜೊಮಿ ಒಕುಹರಾ ಅವರನ್ನು 21–7, 21–7ರಿಂದ ಸೋಲಿಸಿ ಚಿನ್ನ ಗೆದ್ದರು ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಿಲ್ಲ.

ಸೋಜಿಗವೆಂದರೆ ಬಾಸೆಲ್‌ನ ಆ ಸೋಲು ಬಂದದ್ದು ಚೆನ್ ಅವರ ಅತ್ಯುತ್ತಮ ವರ್ಷದ ನಡುವೆ. 2019ರಲ್ಲಿ ಅವರು ಏಳು ಫೈನಲ್ ತಲುಪಿ ಏಳನ್ನೂ ಗೆದ್ದರು: ಆಲ್ ಇಂಗ್ಲೆಂಡ್, ಸ್ವಿಸ್, ಆಸ್ಟ್ರೇಲಿಯಾ, ಥಾಯ್ಲೆಂಡ್, ಫುಝೌ, ಹಾಂಗ್‌ಕಾಂಗ್, ಕೊನೆಗೆ ಗುವಾಂಗ್‌ಝೌನಲ್ಲಿ ವರ್ಲ್ಡ್ ಟೂರ್ ಫೈನಲ್ಸ್. ಇವುಗಳಲ್ಲಿ ಎರಡನ್ನು ಜೋಡಿಯಾಗಿ ನೋಡಬೇಕು. ಮಾರ್ಚ್‌ನ ಆಲ್ ಇಂಗ್ಲೆಂಡ್ ಫೈನಲ್, ತೈ ಎದುರು 21–17, 21–17. ಡಿಸೆಂಬರ್‌ನ ವರ್ಲ್ಡ್ ಟೂರ್ ಫೈನಲ್ಸ್, ಮತ್ತೆ ತೈ ಎದುರು, 12–21, 21–12, 21–17. ಮೊದಲನೆಯದರಲ್ಲಿ ಶುರುವಿನಿಂದ ಹಿಡಿತ. ಎರಡನೆಯದರಲ್ಲಿ ಮೊದಲ ಗೇಮ್ ಕಳೆದುಕೊಂಡು ತಿರುಗಿ ಬಿದ್ದದ್ದು. ಮೊದಲ ಗೇಮ್‌ನ 33 ರ‍್ಯಾಲಿಗಳ ಟಾಸ್ ಉದ್ದವನ್ನು ಎರಡನೇ ಗೇಮ್‌ನ 33ರ ಜೊತೆ ಹೋಲಿಸಿ ಬರೆಯಿರಿ, ಎರಡೂ ಗೇಮ್‌ನಲ್ಲಿ ರ‍್ಯಾಲಿ ಎಣಿಕೆ ಒಂದೇ ಆಗಿರುವುದರಿಂದ ಹೋಲಿಕೆ ಸಲೀಸು. ಕೋಚ್‌ಗಳಿಗಂತೂ ಇದು ಹಬ್ಬ.

ಟೋಕಿಯೊ ಫೈನಲ್ ನೋಡಬೇಕಾದ್ದು ಇವುಗಳ ನಂತರ. ಆ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಚೆನ್ ಸೋಲಿಸಿದ್ದು ಆಗಿನ್ನೂ ಹತ್ತೊಂಬತ್ತರ ಕೊರಿಯಾದ ಆನ್ ಸೆ ಯಂಗ್ ಅವರನ್ನು, 21–18, 21–19. ಅಲ್ಲಿಂದ ಮುಂದೆ ಇವರಿಬ್ಬರ ಪೈಪೋಟಿಯೇ ಮಹಿಳಾ ಸಿಂಗಲ್ಸ್‌ನ ದೊಡ್ಡ ಕಥೆ. ಆನ್ ಆಡುವುದೂ ಇದೇ ತಾಳ್ಮೆಯ ಆಟ, ಇನ್ನಷ್ಟು ಹರಿತವಾಗಿ. 2022ರ ಬ್ಯಾಂಕಾಕ್ ಊಬರ್ ಕಪ್ (ಮಹಿಳಾ ತಂಡಗಳ ವಿಶ್ವ ಟೂರ್ನಿ) ಫೈನಲ್‌ನ ಮೊದಲ ಪಂದ್ಯದಲ್ಲಿ ಚೆನ್ ಮೂರು ಗೇಮ್ ಆಡಿ ಗೆದ್ದರು, ಚೀನಾ ಮಾತ್ರ 3–2ರಿಂದ ಕೊರಿಯಾಕ್ಕೆ ಸೋತಿತು. ಇಬ್ಬರೂ ಸುಸ್ತಾಗಿರುವ ಮೂರನೇ ಗೇಮ್‌ನಲ್ಲಿ ಯಾರ ಟಾಸ್ ಮೊದಲು ಗಿಡ್ಡವಾಗುತ್ತದೆ ಎಂದು ನೋಡುವುದೇ ಆ ಪಂದ್ಯದ ಪಾಠ. 2023ರ ಅಕ್ಟೋಬರ್‌ನಲ್ಲಿ ಹುಟ್ಟೂರು ಹಾಂಗ್‌ಝೌನಲ್ಲೇ ನಡೆದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಮೊಣಕಾಲು ನೋವು ಮಾಡಿಕೊಂಡ ಆನ್ ಎದುರು ಚೆನ್ 18–21, 21–17, 8–21ರಿಂದ ಸೋತರು. ಎದುರಾಳಿಗೆ ಗಾಯವಾದಾಗ ಓಡಿಸಿ ಗೆಲ್ಲುವ ಲೆಕ್ಕ ಯಾಕೆ ಕೈಕೊಡುತ್ತದೆ ಎಂಬುದನ್ನು ಮೂರನೇ ಗೇಮ್ ತೋರಿಸುತ್ತದೆ: ನೋವಿದ್ದವರು ರ‍್ಯಾಲಿ ಬೆಳೆಯಲು ಬಿಡದೆ ಬೇಗ ಹೊಡೆದು ಮುಗಿಸುತ್ತಾರೆ, ಓಡಿಸುವವರು ಅವರಿಗೆ ಎತ್ತರದ ಶಟಲ್ ಕೊಡುತ್ತಲೇ ಹೋಗುತ್ತಾರೆ.

ಪ್ಯಾರಿಸ್ 2024ರಲ್ಲಿ ಚೆನ್ ಕ್ವಾರ್ಟರ್‌ಫೈನಲ್‌ನಲ್ಲೇ ತಮ್ಮ ದೇಶದ ಹೆ ಬಿಂಗ್‌ಜಿಯಾವ್ ಎದುರು ಸೋತು, ಕೆಲಕಾಲ ಆಟದಿಂದ ದೂರ ಉಳಿದರು. ಮರಳಿ ಬಂದ ಮೇಲಿನ ಚೆನ್ ಬೇರೆಯೇ ಆಟಗಾರ್ತಿ, ಅವಕಾಶ ಸಿಕ್ಕಾಗ ಮೊದಲಿಗಿಂತ ಬೇಗ ಹೊಡೆಯುತ್ತಾರೆ. 2025ರ ಸಿಂಗಪುರ ಓಪನ್‌ನಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಆನ್ ಅವರನ್ನು ಕೆಡವಿ ಪ್ರಶಸ್ತಿ ಗೆದ್ದರು. ಅದೇ ವರ್ಷ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಕಾಲು ಉಳುಕಿಸಿಕೊಂಡರೂ ಆನ್ ವಿರುದ್ಧ 21–15, 21–17ರಿಂದ ಗೆದ್ದು, ಫೈನಲ್‌ನಲ್ಲಿ ಅಕಾನೆ ಯಮಾಗುಚಿಗೆ 9–21, 13–21ರಿಂದ ಶರಣಾದರು. ಒಲಿಂಪಿಕ್ಸ್ ಚಿನ್ನ ಇದ್ದೂ ಅಲ್ಲಿಯವರೆಗೆ ವಿಶ್ವ ಚಾಂಪಿಯನ್ ಪಟ್ಟ ಅವರಿಗೆ ದಕ್ಕಿರಲಿಲ್ಲ. 2022ರ ಟೋಕಿಯೊ ಫೈನಲ್‌ನಲ್ಲೂ ಅಡ್ಡ ನಿಂತವರು ಯಮಾಗುಚಿಯೇ.

ಹಳೆಯ ಕಾಲದ ಚೀನೀ ಆಟಗಾರ್ತಿಯರನ್ನು ನೋಡಬೇಕೆನ್ನುವವರಿಗೆ ಈ ವಾಹಿನಿ ಅಷ್ಟು ಒದಗುವುದಿಲ್ಲ. 2004 ಮತ್ತು 2008ರ ಒಲಿಂಪಿಕ್ಸ್ ಸಿಂಗಲ್ಸ್ ಚಿನ್ನ ಎರಡನ್ನೂ ಗೆದ್ದ ಝಾಂಗ್ ನಿಂಗ್ ಅವರ ಪಂದ್ಯಗಳು ಸಿಕ್ಕರೂ ಚಿತ್ರ ಮಸುಕು, ಶಟಲ್ ಹುಡುಕಬೇಕು. 1994ರ ಊಬರ್ ಕಪ್ ಫೈನಲ್‌ನ ನಿರ್ಣಾಯಕ ಪಂದ್ಯದಲ್ಲಿ ಇಂಡೊನೇಷ್ಯಾದ ಹದಿನಾಲ್ಕರ ಹುಡುಗಿ ಮಿಯಾ ಆಡಿನಾಗೆ ಸೋತವರು, ಹತ್ತು ವರ್ಷದ ನಂತರ ಅಥೆನ್ಸ್‌ನ ಫೈನಲ್‌ನಲ್ಲಿ ಅದೇ ಆಡಿನಾ ಅವರನ್ನು ಸೋಲಿಸಿ ಚಿನ್ನ ಗೆದ್ದರು; ಆಡಿನಾ ಆಗ ನೆದರ್ಲೆಂಡ್ಸ್ ಪರ ಆಡುತ್ತಿದ್ದರು. ಮಕ್ಕಳಿಗೆ ಹೇಳಲು ಅದ್ಭುತವಾದ ಸಂಗತಿ, ತಂತ್ರ ಕಲಿಸಲು ಮಾತ್ರ ಹೊಂದದು: ಅಥೆನ್ಸ್‌ನಲ್ಲಿ ಮಹಿಳಾ ಗೇಮ್ 11 ಅಂಕದ್ದು, ಸರ್ವ್ ಮಾಡಿದವರಿಗಷ್ಟೇ ಅಂಕ. ಈಗಿನ 21 ಅಂಕದ ಪದ್ಧತಿ ಬಂದದ್ದು 2006ರಲ್ಲಿ.

ಇನ್ನು ತೆರೆಯಲ್ಲಿ ಕಂಡದ್ದನ್ನು ಪುಣೆಯ ಅಂಕಣಕ್ಕೆ ತರುವಾಗ ಎಡವುವ ಜಾಗಗಳು. ಮೊದಲನೆಯದು ಚಾವಣಿ. ಅಂತರರಾಷ್ಟ್ರೀಯ ಪಂದ್ಯಗಳ ಸಭಾಂಗಣದಲ್ಲಿ ಅಂಕಣದ ಮೇಲೆ 12 ಮೀಟರ್ ಖಾಲಿ ಜಾಗ ಇಡುತ್ತಾರೆ. ಹೌಸಿಂಗ್ ಸೊಸೈಟಿಯ ಕ್ಲಬ್‌ಹೌಸ್ ಅಂಕಣಗಳಲ್ಲಿ ಚಾವಣಿ ಅದಕ್ಕಿಂತ ಬಹಳ ತಗ್ಗು, ಜೊತೆಗೆ ತೊಲೆ, ಫ್ಯಾನ್, ದೀಪ. ಚೆನ್ ಹೊಡೆಯುವ ಎತ್ತರದ ಲಿಫ್ಟ್ ಅಲ್ಲಿ ಚಾವಣಿಗೆ ಬಡಿಯುತ್ತದೆ, ನಿಯಮದ ಪ್ರಕಾರ ಅದು ತಪ್ಪು. ಮಕ್ಕಳು ತಮಗರಿವಿಲ್ಲದೆ ಲಿಫ್ಟ್ ತಗ್ಗಿಸುತ್ತಾರೆ, ತಗ್ಗಿದ ಲಿಫ್ಟ್ ಎದುರಾಳಿಗೆ ಸ್ಮ್ಯಾಶ್‌ಗೆ ಸಿಗುತ್ತದೆ, ಅಭ್ಯಾಸವೇ ಕೆಡುತ್ತದೆ. ಟಾಸ್, ಲಿಫ್ಟ್ ಅಭ್ಯಾಸಕ್ಕೆ ಎತ್ತರದ ಸಭಾಂಗಣವೇ ಬೇಕು. ಬಾಲೆವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕುಲದಂಥ ಜಾಗ ಅದಕ್ಕೆ ತಕ್ಕದ್ದು. 2008ರ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್ ನಡೆದದ್ದು ಈ ಪುಣೆಯಲ್ಲೇ, ಸೈನಾ ನೆಹ್ವಾಲ್ ಬಾಲಕಿಯರ ಚಿನ್ನ ಗೆದ್ದದ್ದೂ ಆಗಲೇ. ಕ್ಲಬ್‌ಹೌಸ್‌ನಲ್ಲಿ ನೆಟ್ ಹತ್ತಿರದ ಡ್ರಿಬಲ್ ಮತ್ತು ಟ್ಯಾಪ್, ಡಿಫೆನ್ಸ್, ಶಟಲ್ ಇಲ್ಲದೆ ಮಾಡುವ ಶ್ಯಾಡೋ ಫುಟ್‌ವರ್ಕ್ ಇಷ್ಟನ್ನೇ ಇಟ್ಟುಕೊಳ್ಳಿ.

ಎರಡನೆಯದು ಶಟಲ್ ವೇಗ. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಮೇಲಿದೆ, ಗಾಳಿ ತುಸು ತೆಳು, ತಡೆ ಕಡಿಮೆ. ಮುಂಬೈಯಲ್ಲಿ ಸರಿಯಾಗಿ ಬೀಳುವ ಶಟಲ್ ಇಲ್ಲಿ ಇನ್ನೂ ಮುಂದೆ ಹೋಗುತ್ತದೆ. ದಾದರ್‌ನಿಂದ ಡಬ್ಬಿ ತಂದು ಇಲ್ಲಿ ಆಡಿದರೆ ಚೆನ್ ಥರ ಗೆರೆಗೆ ಗುರಿಯಿಟ್ಟ ಟಾಸ್ ಹೊರಗೆ ಬಿದ್ದು, ಮಗು ತನ್ನ ಕೈಯದೇ ತಪ್ಪೆಂದುಕೊಳ್ಳುತ್ತದೆ. ಡಬ್ಬಿಯ ಮೇಲಿನ ವೇಗದ ಸಂಖ್ಯೆ ನೋಡಿ, ಇಲ್ಲಿಗೆ ಒಂದು ಹಂತ ನಿಧಾನದ್ದು ಬೇಕಾಗಬಹುದು. ಪರೀಕ್ಷೆ ಸುಲಭ: ಹಿಂದಿನ ಗೆರೆಯ ಮೇಲೆ ನಿಂತು, ಕೆಳಗಿನಿಂದ ಪೂರ್ತಿ ಬಲದಲ್ಲಿ ಮೇಲ್ಮುಖವಾಗಿ, ಪಕ್ಕದ ಗೆರೆಗೆ ಸಮಾನಾಂತರವಾಗಿ ಹೊಡೆಯಿರಿ. ಸರಿಯಾದ ಶಟಲ್ ಆಚೆಯ ಹಿಂದಿನ ಗೆರೆಗಿಂತ 530ರಿಂದ 990 ಮಿಲಿಮೀಟರ್ ಒಳಗೆ ಬೀಳಬೇಕು. ಪೂರ್ತಿ ಬಲ ಇರುವ ದೊಡ್ಡವರೇ ಹೊಡೆಯಬೇಕು, ಮಕ್ಕಳು ಹೊಡೆದರೆ ಎಲ್ಲ ಶಟಲ್ ನಿಧಾನವೆಂದೇ ತೋರುತ್ತದೆ. ಚಳಿಗಾಲದ ಒಣಹವೆಯಲ್ಲಿ ಗರಿ ಬೇಗ ಮುರಿಯುತ್ತದೆ. ಡಬ್ಬಿಯ ಎರಡೂ ಮುಚ್ಚಳ ತೆಗೆದು ಕುದಿಯುವ ನೀರಿನ ಹಬೆಯನ್ನು ಗರಿಯ ಕಡೆಯಿಂದ ಕೆಲವು ಸೆಕೆಂಡ್ ಹಾಯಿಸಿ, ಮುಚ್ಚಿ ರಾತ್ರಿಯಿಡೀ ಇಟ್ಟರೆ ಹೆಚ್ಚು ಬಾಳುತ್ತದೆ. ಕಾರ್ಕ್‌ಗೆ ಹಬೆ ತಾಗಿಸಬೇಡಿ.

ಸೇವೆಯ ಕೊರತೆಗಳೂ ಇವೆ. ನೇರ ಪ್ರಸಾರ ಭಾರತದಲ್ಲಿ ಯಾವಾಗಲೂ ಸಿಗುವುದಿಲ್ಲ, ಹಕ್ಕು ಇಲ್ಲಿನ ಸಂಸ್ಥೆಯೊಂದರ ಬಳಿ ಇದ್ದಾಗ ಯೂಟ್ಯೂಬ್‌ನಲ್ಲಿ ತಡೆ ಬೀಳುತ್ತದೆ. ಕಲಿಯುವವರಿಗೆ ಅದರಿಂದ ನಷ್ಟವಿಲ್ಲ, ನಿಲ್ಲಿಸಿ ನೋಡಲು ಹೇಗೂ ಮರುಪ್ರಸಾರವೇ ಬೇಕು. ಪೂರ್ತಿ ಪಂದ್ಯಗಳಿಗೆ ಅಂಕವಾರು ವಿಭಾಗ ಇರುವುದಿಲ್ಲ. ಮೂರನೇ ಗೇಮ್ 11 ಅಂಕಕ್ಕೆ ಹೋಗಬೇಕಾದರೆ ತೆರೆಯ ಮೂಲೆಯ ಸ್ಕೋರ್ ನೋಡುತ್ತ ಎಳೆದು ಹುಡುಕಬೇಕು. ಹುಡುಕಿದ ಮೇಲೆ ನಿಮಿಷವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ವಿವರಣೆ ಇಂಗ್ಲಿಷ್‌ನದು. ಇಂಗ್ಲೆಂಡ್‌ನ ಹಳೆಯ ಆಟಗಾರ್ತಿ ಗಿಲಿಯನ್ ಕ್ಲಾರ್ಕ್ ಮಾತಾಡುವ ಪಂದ್ಯಗಳಲ್ಲಿ ಅಂಕ ಏಕೆ ಬಂತು ಎಂಬ ವಿವರ ಚೆನ್ನಾಗಿರುತ್ತದೆ, ಒಂದೊಂದು ವಾಕ್ಯವನ್ನು ನಿಲ್ಲಿಸಿ ಕನ್ನಡದಲ್ಲಿ ಹೇಳಿಕೊಡಲು ಯೋಗ್ಯ. ಯಂತ್ರ ಅನುವಾದಿಸುವ ಉಪಶೀರ್ಷಿಕೆ ನಂಬಬೇಡಿ, ಆಟಗಾರ್ತಿಯರ ಹೆಸರನ್ನೂ ಹೊಡೆತಗಳ ಹೆಸರನ್ನೂ ಅದು ಏನೇನೋ ಮಾಡುತ್ತದೆ.

ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇದು ಬೇಡ, ಅವರು ಅಂಕಣದಲ್ಲೇ ಇರಲಿ. ಜಿಲ್ಲಾ ಮಟ್ಟದ ಸಿಂಗಲ್ಸ್ ಆಡಲು ಶುರುಮಾಡಿದ ಹುಡುಗಿಗೆ, ಮೂರನೇ ಗೇಮ್‌ಗೆ ಹೋದಾಗಲೆಲ್ಲ ಆತುರದಿಂದ ಅಂಕ ಕಳೆದುಕೊಳ್ಳುವವಳಿಗೆ, ವಾರಕ್ಕೆ ಒಂದು ಗೇಮ್‌ನಂತೆ ನೋಡಿಸಿ. ಡಬಲ್ಸ್ ಆಡುವವರಿಗೆ ಚೆನ್ ಮಾದರಿಯಲ್ಲ. ಅವರು ಇದೇ ವಾಹಿನಿಯಲ್ಲಿ ಚೀನಾದ ಚೆನ್ ಚಿಂಗ್‌ಚೆನ್ ಮತ್ತು ಜಿಯಾ ಯಿಫಾನ್ ಜೋಡಿಯ ಪೂರ್ತಿ ಪಂದ್ಯಗಳನ್ನು ಹುಡುಕಲಿ, ಹೆಸರು ಬಿಡಿಸಿ ಬರೆಯುವ ಕ್ರಮ ಅಲ್ಲಿಯೂ ಅದೇ.